ಹತ್ತು ದಿನದ ರಜೆ

ಕಳೆದ ಶನಿವಾರ ಬೆಳಿಗ್ಗೆ ಕೊಚ್ಚಿಯ ಕಲೂರಿನ ನಮ್ಮ ಮನೆಯಲ್ಲಿ ಗಂಡ ತಮ್ಮ ಹಳೆಯ ಕೈಗಡಿಯಾರದ ಗಾಜಿಗೆ ಟೂತ್‌ಪೇಸ್ಟ್ ಹಚ್ಚಿ ಬಟ್ಟೆಯಿಂದ ಉಜ್ಜುತ್ತಾ ಕೂತಿದ್ದರು. ಗೀರು ಹೋಗುತ್ತದಂತೆ. ಆ ಪುದೀನದ ವಾಸನೆ ಮೂಗಿಗೆ ಬಡಿದದ್ದೇ, ತಿರುವನಂತಪುರದ ಉಳ್ಳೂರಿನಲ್ಲಿದ್ದ ಒಂದು ಸಿನಿಮಾ ಡಿಸ್ಕ್ ಅಂಗಡಿ ಕಣ್ಣೆದುರು ಬಂತು. ಬಾಡಿಗೆಗೆ ಕೊಡುವ ಡಿಸ್ಕ್‌ಗಳಲ್ಲಿ ಗೀರು ಬಿದ್ದರೆ ಅಂಗಡಿಯವರು ಹೀಗೆಯೇ ಉಜ್ಜುತ್ತಿದ್ದರು.

"ಅವರದ್ದು ಬಿಳಿ ಪೇಸ್ಟ್," ಎಂದೆ.

"ಕೆಂಪು ಕಣೇ. ಜೆಲ್ಲು," ಎಂದರು ಗಂಡ.

ಯಾರದು ಸರಿಯೋ... ನನ್ನ ನೆನಪನ್ನು ನಾನು ಪೂರ್ತಿ ನಂಬುವುದಿಲ್ಲ. ಅದಕ್ಕೆಂದೇ ದಿನಚರಿ ಬರೆಯುತ್ತೇನೆ, ಬೇಕಾದದ್ದು ಅದರಲ್ಲಿ ಇರುವುದಿಲ್ಲ.

ಆಗ ನಮ್ಮ ಮದುವೆಯಾಗಿ ಒಂದು ವರ್ಷವೂ ಆಗಿರಲಿಲ್ಲ. ನಾನು ಕಾಸರಗೋಡಿನವಳು, ಕೇರಳ ಸರ್ಕಾರದ ಕಾನೂನು ವಿಭಾಗದಲ್ಲಿ ಕೆಲಸ. ಅವರು ಮೈಸೂರಿನವರು, ತಿರುವನಂತಪುರದ ಕೇಂದ್ರ ಸಂಸ್ಥೆಯೊಂದರಲ್ಲಿ ವಿಜ್ಞಾನಿ. ನನಗೆ ಮಲಯಾಳ ಸಲೀಸು. ಅವರಿಗೆ ಅಂಗಡಿಯಲ್ಲಿ ಹಾಲು ಕೇಳುವಷ್ಟೂ ಬರುತ್ತಿರಲಿಲ್ಲ. ಕಚೇರಿಯಲ್ಲಿ ಇಂಗ್ಲಿಷ್, ಮನೆಯಲ್ಲಿ ನಾನು. ನಡುವಿನ ಊರಿಗೆಲ್ಲ ಅವರು ಕಿವುಡರಾಗಿದ್ದರು. ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಒಂದು ಮಲಯಾಳ ಸಿನಿಮಾ ಹಾಕುತ್ತಿದ್ದೆವು. ಪಾತ್ರಗಳು ಆಡಿದ್ದನ್ನೆಲ್ಲ ನಾನು ಪಕ್ಕದಲ್ಲಿ ಕೂತು ಕನ್ನಡದಲ್ಲಿ ಹೇಳುತ್ತಿದ್ದೆ.

ಅಂಗಡಿಯವರನ್ನು ಎಲ್ಲರೂ ಚೇಟ್ಟ, ಅಂದರೆ ಅಣ್ಣ, ಎನ್ನುತ್ತಿದ್ದರು. ನಮ್ಮ ತಂದೆಯ ವಯಸ್ಸಾಗಿದ್ದರೂ ನಮಗೂ ಅವರು ಚೇಟ್ಟನೇ. ಅವರದೊಂದು ಕಟ್ಟಳೆಯಿತ್ತು. ಡಿಸ್ಕ್ ಮರಳಿಸುವಾಗ ನೋಡಿದವರೆಲ್ಲ ಬಂದು ಅಭಿಪ್ರಾಯ ಹೇಳಬೇಕು, ಒಬ್ಬರ ಪರವಾಗಿ ಇನ್ನೊಬ್ಬರು ಹೇಳುವಂತಿಲ್ಲ. ಹೇಳದಿದ್ದರೆ ಮುಂದಿನ ಡಿಸ್ಕ್ ಇಲ್ಲ. "ಚೆನ್ನಾಗಿತ್ತು" ಎಂದರೆ, "ಚೆನ್ನಾಗಿರೋದಕ್ಕೆ ಅದೇನು ಮೀನು ಸಾರಾ? ಏನನ್ನಿಸಿತು ಹೇಳಿ ಸಾರೇ," ಎಂದು ಮಲಯಾಳದಲ್ಲಿ ತಡೆಯುತ್ತಿದ್ದರು. ಗಂಡ ಇಂಗ್ಲಿಷಿಗೆ ಕೈಸನ್ನೆ ಸೇರಿಸಿ ಹೇಗೋ ದಾಟುತ್ತಿದ್ದರು. ಅಲ್ಲಿ ಏನು ಹೇಳುವುದೆಂದು ಮನೆಯಲ್ಲೇ ಮಾತಾಡಿಕೊಳ್ಳಬೇಕಾಗುತ್ತಿತ್ತು. ಹಿರಿಯರು ನೋಡಿ ಮಾಡಿದ ಮದುವೆ ನಮ್ಮದು. ಮೊದಲ ತಿಂಗಳುಗಳಲ್ಲಿ ನಾವು ಮನಬಿಚ್ಚಿ ಮಾತಾಡಿದ್ದಿದ್ದರೆ ಅದು ಸಿನಿಮಾದ ಗಂಡಹೆಂಡಿರ ಬಗ್ಗೆ.

ಒಂದು ದಿನ ಅವರ ಬ್ಯಾಗಿನಲ್ಲಿ ಬೆಂಗಳೂರಿಗೆ ವರ್ಗ ಕೋರುವ ಅರ್ಜಿ ಕಂಡಿತು. ನಾನು ಕೊಡೆ ಹುಡುಕುತ್ತಿದ್ದೆ ಎಂದುಕೊಂಡಿದ್ದೇನೆ... ಅದನ್ನೇ ಹುಡುಕುತ್ತಿದ್ದೆನೋ ಏನೋ. ಸಹಿ ಆಗಿತ್ತು, ತಾರೀಖು ಹಾಕಿರಲಿಲ್ಲ. ನನ್ನ ಕೆಲಸ ಕೇರಳದ ಗಡಿ ದಾಟುವಂಥದ್ದಲ್ಲ. ಅವರು ಹೋದರೆ ನಾನು ಕೆಲಸವನ್ನು ಬಿಡಬೇಕು, ಇಲ್ಲವೇ ಅವರನ್ನು. ಅವರು ಹೇಳಲಿಲ್ಲ, ನಾನು ಕೇಳಲಿಲ್ಲ.

ಆ ಭಾನುವಾರದ ಸಿನಿಮಾದ ಕೊನೆಯಲ್ಲಿ ಒಬ್ಬ ರೈಲು ಹತ್ತುವ ಮೊದಲು ಹೆಂಡತಿಗೆ, ಈ ಊರು ನನಗೆ ಒಗ್ಗಲಿಲ್ಲ, ಇನ್ನು ಬರುವುದಿಲ್ಲ ಎನ್ನುತ್ತಾನೆ.

"ಏನಂದ?" ಗಂಡ ಕೇಳಿದರು.

"ಹತ್ತು ದಿನ ರಜೆ ಹಾಕಿದ್ದೇನೆ, ಊರಿಗೆ ಹೋಗಿ ಬರ್ತೇನೆ ಅಂದ," ಎಂದೆ. ಬಾಯಿಗೆ ಹಾಗೆ ಬಂದುಬಿಟ್ಟಿತು.

ಮರುದಿನ ಅಂಗಡಿಯಲ್ಲಿ ಚೇಟ್ಟ, "ಸಾರ್ ಮೊದಲು," ಎಂದರು. ಗಂಡ ಇಂಗ್ಲಿಷಿನಲ್ಲಿ ಹೇಳಿದ್ದು ಹೀಗೆ: "ಎಲ್ಲ ಸರಿ ಚೇಟ್ಟಾ. ಆದರೆ ಹತ್ತು ದಿನದ ರಜಕ್ಕೆ ಹೋಗೋನಿಗೆ ಹಿನ್ನೆಲೆಯಲ್ಲಿ ಅಷ್ಟೊಂದು ಪಿಟೀಲು ಯಾಕೆ?"

ಚೇಟ್ಟ ಉಜ್ಜುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ತಲೆ ತಗ್ಗಿಸಿದೆ. "ಪಿಟೀಲಿನವರನ್ನು ಇಡೀ ದಿನಕ್ಕೆ ಕರೆಸಿರ್ತಾರೆ ಸಾರೇ, ಸುಮ್ಮನೆ ಕೂರಿಸೋಕಾಗುತ್ತಾ?" ಎಂದು ನಕ್ಕುಬಿಟ್ಟರು. ಗಂಡ ಸ್ಕೂಟರ್ ತೆಗೆಯಲು ಹೊರಗೆ ಹೋದಾಗ ಅದೇ ಡಿಸ್ಕನ್ನು ನನ್ನ ಕೈಗೆ ಕೊಟ್ಟರು. "ಮೋಳೇ, ಇದನ್ನೇ ಇನ್ನೊಂದು ಸಲ ನೋಡಿ. ಈ ಸಲ ಸಿನಿಮಾದವರು ಹೇಳಿದ್ದನ್ನು ಮಾತ್ರ ಹೇಳು." ಮೋಳೇ ಎಂದರೆ ಮಗಳೇ. ಆದರೂ ನನಗೆ ಸಿಟ್ಟು ಬಂತು. ಎರಡು ದಿನ ಡಿಸ್ಕ್ ಕೈಚೀಲದಲ್ಲೇ ಉಳಿಯಿತು.

"ನೋಡಿದ್ದೇ ಅಲ್ವಾ ಇದು?" ಮೂರನೆಯ ದಿನ ಸಂಜೆ ಅವರು ಕೇಳಿದರು.

"ಕೊನೆಯದ್ದು ನಾನು ಸರಿ ಹೇಳ್ಲಿಲ್ಲ ಮಾರಾಯ್ರೆ. ಕೂತ್ಕೊಳ್ಳಿ."

ರೈಲಿನವನ ಮಾತನ್ನು ಈ ಸಲ ಇದ್ದಂತೆಯೇ ಹೇಳಿದೆ. ಅವರು ರಿಮೋಟ್ ಒತ್ತಿ ಸಿನಿಮಾ ನಿಲ್ಲಿಸಿದರು.

"ಮೊನ್ನೆ ಯಾಕೆ ಹಾಗಂದೆ?"

"ನಿಮ್ಮ ಬ್ಯಾಗಲ್ಲಿ ಅರ್ಜಿ ಉಂಟಲ್ಲ."

ಅವರು ನಿಂತ ಚಿತ್ರದತ್ತ ರಿಮೋಟ್ ತೋರಿಸಿದರು. "ಅವನು ಅವಳನ್ನ ಒಂದು ಮಾತು ಕೇಳ್ಬೇಕಿತ್ತು," ಎಂದರು. ರಿಮೋಟ್ ಕೆಳಗಿಟ್ಟು, "ಇಲ್ಲಿ ನಂಗೆ ಯಾರ ಮಾತೂ ತಿಳಿಯಲ್ಲ ಕಣೇ. ಅದನ್ನ ನಿಂಗೆ ಹೇಗೆ ಹೇಳೋದು ಅಂತಲೂ ತಿಳೀಲಿಲ್ಲ."

ಅಂದೇ ಅವರು ಅರ್ಜಿ ಹರಿದರು ಎಂದು ನನ್ನ ನೆನಪು. ದಿನಚರಿ ತೆಗೆದು ನೋಡಿದರೆ, ಅರ್ಜಿ ಹರಿದದ್ದು ನಾಲ್ಕು ತಿಂಗಳ ನಂತರ. ನಡುವೆ ಜಗಳಗಳಿವೆ, ಊಟ ಬಿಟ್ಟ ದಿನಗಳಿವೆ. ಅಂದು ನಾನು ಸಿನಿಮಾಕ್ಕೆ ಮಾಡಿದ್ದನ್ನೇ ನನ್ನ ನೆನಪು ನನಗೆ ಮಾಡಿದೆ. ಆದರೆ ಮಾತು ಶುರುವಾದದ್ದು ಆ ಸಂಜೆಯೇ, ಅದು ಪುಟದಲ್ಲೂ ಇದೆ.

ಡಿಸ್ಕ್ ಮರಳಿಸಲು ಹೋದಾಗ ಚೇಟ್ಟ ಅಭಿಪ್ರಾಯ ಕೇಳಲೇ ಇಲ್ಲ. ಅದೊಂದೇ ಸಲ. ಗಂಡ ತಾವಾಗಿಯೇ, "ಪಿಟೀಲು ಸರಿಯಾಗೇ ಇತ್ತು ಚೇಟ್ಟಾ," ಎಂದರು. ಅವರು ತಲೆಯಾಡಿಸಿ, ನಗಿಸುವ ಸಿನಿಮಾ ಒಂದನ್ನು ಹುಡುಕಿ ಕೊಟ್ಟರು.

ಆಮೇಲೆ ನನಗೆ ಕೊಚ್ಚಿಗೆ ವರ್ಗವಾದಾಗ ಗಂಡ ಸಂಸ್ಥೆ ಬಿಟ್ಟು ಇಲ್ಲಿನ ಕಾಲೇಜೊಂದರಲ್ಲಿ ಪಾಠ ಹೇಳಲು ಸೇರಿದರು. ಬರುವ ಮೊದಲು ನನ್ನನ್ನು ಕೇಳಿದ್ದರು. ಈಗಲೂ ಭಾನುವಾರ ಸಿನಿಮಾ ನೋಡುತ್ತೇವೆ, ಮುಗಿದ ಮೇಲೆ ವಾದ ಮಾಡುತ್ತೇವೆ. ಅದನ್ನು ಕಲಿಸಿದವರಿಗೆ ಒಂದು ಮಾತು ಹೇಳಬೇಕೆಂದು ಇಷ್ಟು ವರ್ಷ ತೋಚಲಿಲ್ಲ.

ನಿನ್ನೆ ಇಬ್ಬರೂ ಉಳ್ಳೂರಿಗೆ ಹೋಗಿದ್ದೆವು. ಅಲ್ಲೀಗ ಔಷಧಿ ಅಂಗಡಿ ಇದೆ. ಚೇಟ್ಟ ತೀರಿಕೊಂಡು ನಾಲ್ಕು ವರ್ಷವಾಯಿತೆಂದು ಅಂಗಡಿಯಾಕೆ ಹೇಳಿದರು. "ನೀವು ಸಂಬಂಧಿಕರಾ?" ಎಂದು ಕೇಳಿದರು. ಗಂಡ, "ಡಿಸ್ಕ್ ತಗೊಳ್ತಿದ್ದವರು," ಎಂದರು. ಕಾಯಿಲೆ ಏನಿತ್ತು, ಕೊನೆಗೆ ಹತ್ತಿರ ಯಾರಿದ್ದರು ಎಂದು ಅವರು ತಮ್ಮ ಮೈಸೂರು ರಾಗದ ಮಲಯಾಳದಲ್ಲಿ ಒಂದೊಂದಾಗಿ ಕೇಳುತ್ತಿದ್ದರು, ಆಕೆ ಹೇಳುತ್ತಿದ್ದರು. ನಾನು ಪಕ್ಕದಲ್ಲಿ ಕಣ್ಣೊರೆಸಿಕೊಳ್ಳುತ್ತಾ ನಿಂತಿದ್ದೆ. ಏನಂದರು ಎಂದು ಕೇಳಲು ಯಾರೂ ನನ್ನ ಕಡೆ ತಿರುಗಲಿಲ್ಲ.