ತೊಳೆಯಮ್ಮ ಮತ್ತು ಒಂಬತ್ತು ಕಪ್ಪೆಗಳು

ಕಾಲೇಜಿನ ಪ್ರಾಣಿಶಾಸ್ತ್ರದ ಪ್ರಯೋಗಾಲಯದಲ್ಲಿ ಅವಳನ್ನು ಎಲ್ಲರೂ ತೊಳೆಯಮ್ಮ ಎಂದೇ ಕರೆಯುತ್ತಿದ್ದರು. ಗಂಡ ತೀರಿಕೊಂಡ ಮೇಲೆ ಅವನ ಅಟೆಂಡರ್ ಕೆಲಸ ಅವಳಿಗೆ ಬಂತು. ಕೆಲಸದ ಜೊತೆಗೆ ಕಿಟಕಿ ಪಕ್ಕದ ಗಾಜಿನ ತೊಟ್ಟಿಯೂ ಅದರೊಳಗಿನ ಒಂಬತ್ತು ಕಪ್ಪೆಗಳೂ ಬಂದವು. ಹಳೆಯವು ಸತ್ತರೆ ಹೊಸವು ಬರುತ್ತಿದ್ದವು, ಲೆಕ್ಕ ಮಾತ್ರ ತಪ್ಪುತ್ತಿರಲಿಲ್ಲ. ಹತ್ತೊಂಬತ್ತು ವರ್ಷ ಕಳೆದರೂ ಅವಳ ಹೇಸಿಗೆ ಗುಲಗಂಜಿಯಷ್ಟೂ ಸವೆದಿರಲಿಲ್ಲ.

ಅವುಗಳ ಯಾವ ಅಂಗವನ್ನು ತಾನೇ ಮೆಚ್ಚುವುದು? ಮುಟ್ಟಿದರೆ ಲೋಳೆ, ಬಿಟ್ಟರೂ ಬೆರಳಲ್ಲಿ ಲೋಳೆ. ನಾಲಗೆ ಗಂಟಲ ಕಡೆ ಇರುವುದು ಬಿಟ್ಟು ಬಾಯಿಯ ಮುಂಭಾಗಕ್ಕೆ ಅಂಟಿಕೊಂಡಿದೆ. ಹುಳು ಕಂಡರೆ ಮಗುಚಿಕೊಂಡು ಹೊರಬೀಳುತ್ತದೆ. ನುಂಗುವಾಗ ಕಣ್ಣುಗುಡ್ಡೆಗಳು ತಲೆಯೊಳಗೆ ಇಳಿದು ತುತ್ತನ್ನು ಗಂಟಲಿಗೆ ದೂಡುತ್ತವೆ. ಕಣ್ಣಿನಿಂದ ಊಟ ಮಾಡುವ ಜಾತಿ! ಹಳೆಯ ಚರ್ಮವನ್ನು ಅಂಗಿ ಬಿಚ್ಚಿದಂತೆ ಎಳೆದು ಎಳೆದು, ಬಿಸಾಡದೆ ಬಾಯಿಗೇ ತುರುಕಿಕೊಳ್ಳುತ್ತವೆ. ಅದನ್ನು ಮೊದಲ ಸಲ ಕಂಡ ದಿನ ಅವಳು ಡಬ್ಬಿಯ ಊಟವನ್ನು ಮುಚ್ಚಳ ತೆಗೆಯದೆ ಮನೆಗೆ ಒಯ್ದಿದ್ದಳು.

ಮನೆಯಲ್ಲಿ ಅತ್ತೆ ದಿನವೂ ಬಾಗಿಲಲ್ಲೇ ಕಾಯುತ್ತಿದ್ದರು.

"ಕೈ ತೊಳೆದ್ಯೇನೇ?"

"ಮೂರು ಸಲ ತೊಳೆದಿದೀನಿ ಅತ್ತೆ."

"ನಾಲ್ಕನೇದು ನನ್ನ ಕಣ್ಮುಂದೆ ಆಗ್ಲಿ. ಆ ಕೈಲಿ ಕಲಸಿದ ಹಿಟ್ಟು ತಿನ್ನೋಳು ನಾನು."

ತೊಳೆದೂ ತೊಳೆದೂ ಅವಳ ಬೆರಳ ಸಂದಿಗಳು ಬಿರುಕು ಬಿಟ್ಟಿದ್ದವು.

ಹೀಗಿರುವಾಗ ಗ್ರಂಥಾಲಯದಲ್ಲಿ ಒಂದು ಜಾಗ ಖಾಲಿಯಾಯಿತು. ಒಣ ಕೆಲಸ. ಕಾಗದ, ಧೂಳು, ಹೆಚ್ಚೆಂದರೆ ಅಂಟು. ವರ್ಗಾವಣೆಯ ಅರ್ಜಿಗೆ ಪ್ರಯೋಗಾಲಯದ ಮೇಡಂ ಸಹಿ ಹಾಕುವುದೊಂದೇ ಬಾಕಿ, ಮಧ್ಯಾಹ್ನ ಹಾಕುತ್ತೇನೆಂದಿದ್ದರು. ಬೆಳಿಗ್ಗೆ ಅವಳು ಕೊನೆಯ ಸಲ ತೊಟ್ಟಿ ತೊಳೆಯಲು ನಿಂತಳು. ಬರೀ ನೀರಿನಲ್ಲಿ ತೊಳೆಯುವುದು ಅಲ್ಲಿಯ ಪದ್ಧತಿ. ಆ ನೀರನ್ನೂ ಹಿಂದಿನ ದಿನವೇ ಹಿಡಿದು, ನಲ್ಲಿಯ ಔಷಧಿ ವಾಸನೆ ಹೋಗಲೆಂದು ತೆರೆದ ಡ್ರಮ್ಮಿನಲ್ಲಿ ಇಡಬೇಕು. ಆದರೆ ಗಾಜಿಗೆ ಮೆತ್ತಿದ ಹಸಿರು ಲೋಳೆ ನೋಡಿ ಅವಳ ಕೈ ತಡೆಯಲಿಲ್ಲ. ಪಾಯಿಖಾನೆಗೆ ಹಾಕುವ ಫಿನಾಯಿಲ್ ಸುರಿದು ಗಸಗಸ ಉಜ್ಜಿದಳು. ಒಮ್ಮೆ ಜಾಲಿಸಿ, ಡ್ರಮ್ಮಿನ ನೀರು ತುಂಬಿ, ಬಕೆಟ್ಟಿಗೆ ಹಾಕಿಟ್ಟಿದ್ದ ಕಪ್ಪೆಗಳನ್ನು ಬಲೆಯಲ್ಲಿ ಎತ್ತಿ ಒಳಗೆ ಬಿಟ್ಟಳು.

ಅರ್ಧ ಗಂಟೆಯಲ್ಲಿ ಎರಡು ಅಂಗಾತ ಬಿದ್ದವು. ಉಳಿದವುಗಳ ಹೊಟ್ಟೆ ಕೆಂಪಗಾಗಿತ್ತು. ಅರ್ಜಿ ಹಿಡಿದುಕೊಂಡೇ ಬಂದ ಮೇಡಂ ಅದನ್ನು ಮೇಜಿನ ಮೇಲೆ ಬಿಸಾಕಿದರು. ಜಾಡಿಗಳ ಔಷಧಿಯ ಘಾಟಿನಲ್ಲಿ ಫಿನಾಯಿಲ್ ಅವರ ಮೂಗಿಗೆ ಬೀಳಲಿಲ್ಲ.

"ನಲ್ಲಿ ನೀರು ಹಾಕಿಬಿಟ್ರಾ ಅಮ್ಮಾ? ನೀರು ಬದಲಾಯಿಸಿದ್ರೆ ಸರಿಹೋಗುತ್ತೆ."

ಹೂಂ ಎಂದರೆ ಮುಗಿಯಿತು. ಸಹಿ ಬೀಳುತ್ತದೆ. ಆದರೆ ಅದೇ ಫಿನಾಯಿಲ್ ಗಾಜಿನೊಳಗೆ ಅವು ಮತ್ತೆ ಕೂರಬೇಕು. ಅವಳು ಬಾಯಿ ತೆರೆಯುವಷ್ಟರಲ್ಲಿ ಮೂಲೆಯ ದಪ್ಪ ಕಪ್ಪೆ ಬಾಯಿ ಅಗಲಿಸಿತು. ವಾಂತಿಯಲ್ಲ, ಜಠರವೇ ಹೊರಗೆ ಬಂತು. ಒಳಮೈ ಹೊರಗಾದ ಗುಲಾಬಿ ಚೀಲ, ದವಡೆಯಿಂದ ಜೋಲುತ್ತಿತ್ತು. ಕಪ್ಪೆ ಬಲಗೈ ಎತ್ತಿ ಆ ಚೀಲವನ್ನು ಒರೆಸಿತು. ಮತ್ತೆ ಒರೆಸಿತು. ಮತ್ತೆ.

ಥೂ, ಇದೂ ತೊಳೀತಿದೆ, ಎಂದುಕೊಂಡಳು.

"ನೀರಲ್ಲ ಮೇಡಂ. ನಾನು ಫಿನಾಯಿಲ್ ಹಾಕಿದೆ."

ಮೇಡಂ ತೋಳು ಮಡಚಿಕೊಂಡು ಬಲೆ ಎತ್ತಿಕೊಂಡರು. "ಇವು ಬಾಯಿಂದ ನೀರು ಕುಡಿಯಲ್ಲಮ್ಮಾ, ಚರ್ಮದಿಂದ ಹೀರ್ತವೆ. ಉಸಿರಾಡೋದೂ ಚರ್ಮದಿಂದ. ನೀವು ಉಜ್ಜಿದ್ದು ಗಾಜಲ್ಲ, ಅವುಗಳ ಒಳಹೊಟ್ಟೆ. ಹಿಡೀರಿ, ಒಂದೊಂದಾಗಿ ಜಾಲಿಸಬೇಕು."

"ಗ್ಲೌಸು?"

"ಅದರ ಪುಡಿ ಅವಕ್ಕೆ ಆಗಲ್ಲ, ಬರಿಗೈ. ಮೊದಲು ಆ ಕೈಗಿರೋ ಸೋಪು ತೊಳ್ಕೊಳ್ಳಿ."

ಕಪ್ಪೆ ಮುಟ್ಟುವ ಮುಂಚೆ, ಕಪ್ಪೆಗೋಸ್ಕರ, ಅವಳು ಮೊಣಕೈವರೆಗೆ ತೊಳೆದುಕೊಂಡಳು. ಆಮೇಲೆ ಹಿಡಿದಳು. ಹೆಣದಂತೆ ತಣ್ಣಗೆ, ಎಲುಬಿಲ್ಲದಂತೆ ಮೆತ್ತಗೆ. ಅಂಗೈಗೆ ಒತ್ತಿಕೊಂಡ ಗಂಟಲು ಪಟಪಟ ಹೊಡೆದುಕೊಳ್ಳುತ್ತಿತ್ತು. ಒಂದು ಅವಳ ಕೈಮೇಲೇ ಉಚ್ಚೆ ಹೊಯ್ದಿತು. ಹಲ್ಲು ಕಚ್ಚಿ, ಮುಖ ತಿರುಗಿಸಿ, ಡ್ರಮ್ಮಿನ ನೀರು ಬದಲಿಸುತ್ತ ಬದಲಿಸುತ್ತ ಸಂಜೆ ಮಾಡಿದಳು. ಏಳು ಬದುಕಿದವು. ದಪ್ಪನೆಯದು ತನ್ನ ಹೊಟ್ಟೆಯನ್ನು ತಾನೇ ನುಂಗಿಕೊಂಡು, ಏನೂ ಆಗದವರಂತೆ ಕೂತಿತು.

ಮೇಡಂ ಅರ್ಜಿಯನ್ನು ಮಡಚಿ ಪುಸ್ತಕದೊಳಗೆ ಇಟ್ಟರು. "ಸಹಿ ಹಾಕ್ತೀನಿ. ಆದ್ರೆ ಏಳೂ ಹುಳು ತಿನ್ನೋವರೆಗೆ ನೀವು ಇಲ್ಲೇ."

"ಅಷ್ಟರಲ್ಲಿ ಆ ಜಾಗ ಬೇರೆಯವರ ಪಾಲಾದ್ರೆ?"

"ಆಗಬಹುದು."

"ತಿನ್ನಿಸ್ತೀನಿ ಮೂದೇವಿಗಳಿಗೆ," ಎಂದಳು ತೊಳೆಯಮ್ಮ.

ಬಾಗಿಲಲ್ಲಿ ಅತ್ತೆ ಕಾಯುತ್ತಿದ್ದರು. "ಕೈ ತೊಳೆದ್ಯೇನೇ?"

"ಇವತ್ತು ಮುಟ್ಟೋಕೆ ಮುಂಚೇನೇ ತೊಳೆದೆ ಅತ್ತೆ."

ಅತ್ತೆ ಅವಳ ಮುಖ ನೋಡಿದರು, ಆಮೇಲೆ ಸೋಪು ತೋರಿಸಿದರು. ಅವಳು ತೊಳೆದಳು. ನಾಲ್ಕು ಸಲ ತೊಳೆದರೂ ಆ ಪಟಪಟ ಅಂಗೈಯಿಂದ ಹೋಗಲಿಲ್ಲ.