ತಮ್ಮ ಮಾಡಿದ ಹರಿಗೋಲಿನ ಆಟ

ತೊಂಬತ್ತೇಳರಲ್ಲಿ ಗಂಗಾವತಿಯ ನಮ್ಮ ಮನೆಗೆ ಕಂಪ್ಯೂಟರ್ ಬಂದಾಗ ಅವ್ವ ಅದಕ್ಕೆ ಕುಂಕುಮ ಹಚ್ಚಿ ಮೇಲೊಂದು ಕಸೂತಿ ಬಟ್ಟೆ ಹೊದಿಸಿದಳು. ಕಾನ್ವೆಂಟಿನಲ್ಲಿ ಸಿಸ್ಟರ್ ಹತ್ತಿರ ಬೈಸಿಕೊಳ್ಳುತ್ತ ನಾನೇ ಹಾಕಿದ ಕಸೂತಿ ಅದು. ಒಂದು ಮೂಲೆಯ ಗುಲಾಬಿಗೆ ಎಲೆ ಕಡಿಮೆ ಬಿದ್ದಿತ್ತು. ಅಪ್ಪಾಜಿಯದು ಭತ್ತದ ದಲಾಲಿ ಅಂಗಡಿ. ಅಂಗಡಿಯ ಲೆಕ್ಕಕ್ಕೆಂದು ತಂದ ಯಂತ್ರ ಹತ್ತೇ ದಿನಕ್ಕೆ ತಮ್ಮನ ಪಾಲಾಯಿತು. ಅಪ್ಪಾಜಿಗೆ ಅದರ ಮುಂದೆ ಕೂತರೆ ಕಣ್ಣಲ್ಲಿ ನೀರು ಬರುತ್ತಿತ್ತು.

ತಮ್ಮ ಕಾಲೇಜಿನಿಂದ ಬಂದವನೇ ಚೀಲ ಒಗೆದು ಆಟ ಹಚ್ಚುತ್ತಿದ್ದ. ಬಸ್ ನಿಲ್ದಾಣದ ಹಿಂದಿನ ಸೀಡಿ ಅಂಗಡಿಯಲ್ಲಿ ಮೂವತ್ತು ರೂಪಾಯಿಗೆ ನೂರು ಆಟದ ಸೀಡಿ ಸಿಗುತ್ತಿತ್ತು. ಕಂಪನಿಯ ಹೆಸರಿಲ್ಲ, ಡಬ್ಬಿ ಇಲ್ಲ. ಪ್ಲಾಸ್ಟಿಕ್ ಹಾಳೆಯೊಳಗೆ ಮಸುಕು ಝೆರಾಕ್ಸಿನ ಒಂದು ಚೀಟಿ ಅಷ್ಟೆ. ಅದು ಕದ್ದ ಮಾಲು ಎಂದು ನಮ್ಮ ಮನೆಯಲ್ಲಿ ಯಾರಿಗೂ ಅನ್ನಿಸಿರಲಿಲ್ಲ. ಸೀಡಿ ಅಂದರೆ ಹಾಗೇ ಇರುತ್ತದೆ ಎಂದುಕೊಂಡಿದ್ದೆವು. ಪರದೆಯ ಮೇಲೆ ಇಂಗ್ಲಿಷ್ ಬಂದಾಗ ಅವನು ನನ್ನನ್ನು ಕೂಗುತ್ತಿದ್ದ. "ಅಕ್ಕಾ, ಈ ದಂಡನಾಯಕ ಏನಂತಾನ ನೋಡು ಬಾ." ನಾನು ಹಿಟ್ಟಿನ ಕೈಯಲ್ಲೇ ಬಂದು ಓದಿ ಹೇಳುತ್ತಿದ್ದೆ: ಸೇತುವೆ ದಾಟಬೇಕಂತೆ, ಗುಂಡು ಉಳಿಸಿಕೊಳ್ಳಬೇಕಂತೆ. ದಂಡನಾಯಕ ಬರೀ ಬಾಯಿ ಆಡಿಸುತ್ತಿದ್ದ. ದನಿ ಬರುತ್ತಿರಲಿಲ್ಲ. ಇವನು ಅಷ್ಟೂ ವರ್ಷ ಮೂಗ ಸೈನಿಕರ ಜೊತೆಗೇ ಆಡಿದ.

ನನ್ನ ಮದುವೆಯ ಸೀರೆಗೆ ಹುಬ್ಬಳ್ಳಿಗೆ ಹೋದಾಗ ಒಂದು ದೊಡ್ಡ ಕಂಪ್ಯೂಟರ್ ಅಂಗಡಿಯ ಎದುರು ಅವನ ಕಾಲು ನಿಂತುಬಿಟ್ಟಿತು. ಒಳಗೆ ಅದೇ ಆಟ ಓಡುತ್ತಿತ್ತು. ದಂಡನಾಯಕ ಗೊಗ್ಗರ ದನಿಯಲ್ಲಿ ಗದರುತ್ತಿದ್ದ, ಹಿಂದೆ ನಗಾರಿ, ಮಳೆ, ಕುದುರೆ. ತಮ್ಮ ನನ್ನ ಮುಂಗೈ ಹಿಡಿದುಕೊಂಡ. "ಅಕ್ಕಾ, ಇವ್ರು ಮಾತಾಡ್ತಾರ."

ಒಂದೇ ಸೀಡಿಯಲ್ಲಿ ನೂರು ಆಟ ತುರುಕಲು ಯಾರೋ ಎಲ್ಲೋ ಮಾತು, ಹಾಡು ಎಲ್ಲವನ್ನೂ ಕಿತ್ತು ಒಗೆದಿರುತ್ತಾರೆ ಎಂದು ನಮಗೆ ಆವತ್ತು ತಿಳಿಯಿತು. ಅಸಲಿ ಆಟ ಗಾಜಿನ ಕಪಾಟಿನಲ್ಲಿ ಬೀಗದೊಳಗೆ, ಸೀರೆ ಡಬ್ಬಿಯಷ್ಟು ದೊಡ್ಡ ಡಬ್ಬಿಯಲ್ಲಿತ್ತು. ಬೆಲೆ ಕೇಳಿದೆ. ಒಂದು ಕ್ವಿಂಟಲ್ ಸೋನಾ ಮಸೂರಿಗಿಂತ ಜಾಸ್ತಿ. ಸ್ವಲ್ಪ ಕೈಯಲ್ಲಿ ಹಿಡಿದು ನೋಡ್ತೀನ್ರಿ ಎಂದು ತಮ್ಮ ಕೇಳಿದ. ಅಂಗಡಿಯವನು ಅವನ ಚಪ್ಪಲಿ ನೋಡಿ, "ತಗೊಳ್ಳೂದಿದ್ರ ತಗೀತೀನಿ" ಅಂದ.

ತಿರುಗಿ ಬರುವಾಗ ಬಸ್ಸು ಕೊಪ್ಪಳ ದಾಟಿದಾಗ ಅವನು ಒಮ್ಮೆಲೆ, "ನಾ ಮಾಡೋ ಆಟ ಮಾತಾಡಬೇಕು ನೋಡಕ್ಕ" ಅಂದ.

"ನೀ ಯಾವಾಗ ಆಟ ಮಾಡಾಂವ ಆದಿ?"

"ಇಕಾ, ಈಗ."

ನಾನು ಮದುವೆಯಾಗಿ ಯಲಬುರ್ಗಾಕ್ಕೆ ಹೋದೆ. ನಮ್ಮ ಮನೆಯವರು ತಾಲ್ಲೂಕು ಕಚೇರಿಯ ನೌಕರರು. ಕಾಲಿಗೆ ಅಂಟುವ ಎರೆಮಣ್ಣು, ಬಸ್ಸಿನ ದಾರಿ ಕಾಯುವುದು, ಇಷ್ಟೇ ನನಗೆ ಹೊಸತು. ಅತ್ತ ತಮ್ಮ ಕಾಲೇಜು ಮುಗಿಸಿ, ಅದೇ ಸೀಡಿ ಅಂಗಡಿಯಲ್ಲಿ ಸಿಕ್ಕ ನಕಲಿ ಸಾಫ್ಟ್‌ವೇರಿನಲ್ಲಿ, ಪುಟ ಹಾರಿದ ಝೆರಾಕ್ಸ್ ಪುಸ್ತಕ ನೋಡಿ, ಆಟ ಮಾಡುವುದನ್ನು ತಾನೇ ಕಲಿತ. ಅಪ್ಪಾಜಿ ಒಂದು ಮಾತು ಹೇಳಿಟ್ಟಿದ್ದರು: "ಎರಡ್ ವರ್ಷ ನೋಡೂಣು. ಅದು ಅನ್ನ ಕೊಟ್ರ ಕೊಡ್ಲಿ. ಇಲ್ಲಂದ್ರ ಬಂದು ಅಂಗಡ್ಯಾಗ ಕುಂದರಬೇಕು, ಮತ್ತ ಆ ಪೆಟಗಿ ಸುದ್ದಿ ತೆಗೀಬಾರದು." ತಮ್ಮ ಹೂಂ ಅಂದಿದ್ದ. ಅವನಿಗೆ ಭತ್ತದ ಧೂಳು ಮೊದಲಿನಿಂದಲೂ ಆಗುತ್ತಿರಲಿಲ್ಲ. ಸುಗ್ಗಿಯಲ್ಲಿ ಅಂಗಡಿಗೆ ಕಾಲಿಟ್ಟರೆ ಸಂಜೆಗೆಲ್ಲ ಎದೆ ಸೀಟಿ ಹೊಡೆಯುತ್ತಿತ್ತು.

ಅವನು ಮಾಡಿದ್ದು ಹರಿಗೋಲಿನ ಆಟ. ಸಾಣಾಪುರದ ಹೊಳೆಯ ಬಂಡೆಗಳ ನಡುವೆ ಹರಿಗೋಲು ಹುಟ್ಟು ಹಾಕಿಕೊಂಡು ಹೋಗಬೇಕು. ಒಂದು ತಿರುವಿನಲ್ಲಿ ಹುಲ್ಲಿನ ಹೊರೆ ಹತ್ತುತ್ತದೆ, ಇನ್ನೊಂದರಲ್ಲಿ ಎರಡು ಆಡು, ಮತ್ತೊಂದರಲ್ಲಿ ಬಾಸಿಂಗ ಕಟ್ಟಿಕೊಂಡ ಮದುಮಗ. ಆಡು ಒಂದು ಕಡೆ ಸರಿದರೆ ಹರಿಗೋಲು ಗರಗರ ತಿರುಗುತ್ತದೆ. ಹರಿಗೋಲು ನೀರಿನಲ್ಲಿ ತಿರುಗುವ ಪರಿಯನ್ನು ತಿಳಿಯಲು ಅವನು ಅವ್ವನ ರೊಟ್ಟಿ ಬುಟ್ಟಿಯನ್ನು ನೀರಿನ ಹೌದಿನಲ್ಲಿ ತೇಲಿಬಿಟ್ಟು ಕೂತಿರುತ್ತಿದ್ದನಂತೆ. ಅವ್ವ ಇದನ್ನು ಓಣಿಗೆಲ್ಲ ಹೇಳಿ ನಗಿಸಿದ್ದಳು.

ಬಾಣಂತನಕ್ಕೆಂದು ನಾನು ತವರಿಗೆ ಹೋದಾಗ ತಮ್ಮ ತನ್ನ ಆಟಕ್ಕೆ ನನ್ನ ದನಿ ಬೇಕೆಂದ. ಮನೆಯ ಮುಂದಿನ ಕೋಣೆಯೇ ಅಂಗಡಿ, ಅಲ್ಲಿ ಹಮಾಲರ ಗದ್ದಲ. ಹಾಗಾಗಿ ಅಡುಗೆಮನೆಯಲ್ಲಿ ಕದ ಹಾಕಿಕೊಂಡು ಮೈಕಿನ ಮುಂದೆ ಕೂತೆ. ಸ್ಟೆಡಿ, ಸ್ಟೆಡಿ. ರಾಕ್ ಅಹೆಡ್. ವೆಲ್ ಡನ್, ಬೋಟ್‌ಮನ್.

"ಕನ್ನಡದಾಗ ಅಂದ್ರ ಛಲೋ ಕೇಳಸ್ತೈತಲ್ಲೋ," ಅಂದೆ.

"ಕನ್ನಡದಾಗಿದ್ರ ಗಂಗಾವತ್ಯಾಗ ಮಾಡಿದ್ದು ಅಂತಾರ. ಇಂಗ್ಲಿಷಿದ್ರ ಅಸಲಿ ಅಂತಾರ. ನೀ ಸಿಸ್ಟರ್ ಕಲಿಸಿದಂಗ ಅನ್ನು."

ನಾನು ಸಿಸ್ಟರ್ ಕಲಿಸಿದ ಹಾಗೆ ತುಟಿ ಗುಂಡಗೆ ಮಾಡಿ ಅಂದೆ. ಮೊದಲನೆಯ ಸಲ "ರಾಕ್ ಅಹೆಡ್" ಅನ್ನುವುದಕ್ಕೂ ವಾಸನೆ ಬಡಿದು ಹೊರಗಿನಿಂದ ಅವ್ವ "ಯವ್ವಾ, ಹಾಲು ಉಕ್ಕಾಕತ್ತಾವ ನೋಡ!" ಎಂದು ಕೂಗುವುದಕ್ಕೂ ಸರಿಹೋಯಿತು. ಇಬ್ಬರೂ ಹೊಟ್ಟೆ ಹಿಡಿದು ನಕ್ಕೆವು. ಈಗ ಇರಲಿ, ಆಮೇಲೆ ಅಳಿಸ್ತೀನಿ ಅಂದ.

ಬೆಲೆ ಎಷ್ಟಿಡಬೇಕೆಂದು ಊಟಕ್ಕೆ ಕೂತಾಗ ಪಂಚಾಯಿತಿ ನಡೆಯಿತು. ನನ್ನನ್ನು ನೋಡಲು ಬಂದಿದ್ದ ನಮ್ಮ ಮನೆಯವರು, "ಮೂವತ್ತಕ್ಕ ನೂರು ಸಿಗೂವಾಗ ಒಂದಕ್ಕ ಎಷ್ಟ್ ಕೊಡ್ತಾರಪಾ?" ಅಂದರು. ತಮ್ಮ ತೊಂಬತ್ತೊಂಬತ್ತು ಅಂದ. ಅವ್ವ ರೊಟ್ಟಿ ಬಡಿಯುವ ಕೈ ನಿಲ್ಲಿಸಿ, "ಒಂದ್ ಕಮ್ಮಿ ಯಾಕ ಇಡ್ತಿ, ಅಪಶಕುನ. ನೂರಾ ಒಂದು ಮಾಡು, ಮದುವ್ಯಾಗ ಮುಯ್ಯಿ ಮಾಡಿದಂಗ" ಅಂದಳು. ಎಲ್ಲರೂ ನಕ್ಕರು, ಆದರೆ ಬೆಲೆ ನೂರಾ ಒಂದೇ ಆಯಿತು. ಅಪ್ಪಾಜಿ ಕೈ ತೊಳೆಯುತ್ತ, "ಮಾದರಿ ಯಾರಿಗೆ ಕೊಟ್ಟಿ?" ಎಂದು ಕೇಳಿದರು. ಇನ್ನೂ ಯಾರಿಗೂ ಕೊಟ್ಟಿಲ್ಲ ಅಂದ ಮಗನಿಗೆ ಬೈದರು. "ಮಾದರಿ ತೋರಿಸಲಾರದ ಮಾಲು ಯಾರ್ ತಗೊಂತಾರಲೇ? ನಾ ಹಿಡಿ ಭತ್ತಾ ಅಂಗೈಯಾಗ ಇಟ್ರನ ಗಿರಣಿಯಾಂವ ಬಾಯಾಗ ಹಾಕ್ಕೊಂಡು ಕಡಿದು ನೋಡಿ ದರ ಮಾತಾಡೂದು."

ನಮ್ಮಲ್ಲಿ ವ್ಯಾಪಾರ ಹಾಗೇ ನಡೆಯುವುದು. ಆ ಹಿಡಿ ಭತ್ತವನ್ನು ಯಾರೂ ತಿರುಗಿ ಕೇಳುವುದಿಲ್ಲ. ಕೊಟ್ಟವನು ದೊಡ್ಡ ಮನಸ್ಸಿನವನು ಅನ್ನಿಸಿಕೊಳ್ಳುತ್ತಾನೆ. ತಮ್ಮ ಅಪ್ಪನ ಮಾತು ಕೇಳಿದ. ಅಷ್ಟೊತ್ತಿಗೆ ಅವನ ಹೊಳೆಯಲ್ಲಿ ನಾಲ್ಕೇ ತಿರುವು ಆಗಿದ್ದವು. ಅದಷ್ಟನ್ನೇ ಒಂದು ಸೀಡಿಗೆ ಹಾಕಿ, ಬಸ್ ನಿಲ್ದಾಣದ ಹಿಂದಿನ ಅಂಗಡಿಯವನ ಕೈಗೆ ಕೊಟ್ಟು ಬಂದ.

ಮಗುವಿಗೆ ಐದು ತಿಂಗಳು ತುಂಬಿದಾಗ ನಾನು ಯಲಬುರ್ಗಾದಿಂದ ತವರಿಗೆ ಹೊರಟಿದ್ದೆ. ಕುಷ್ಟಗಿಯಲ್ಲಿ ಇಳಿದು ತಾವರಗೇರಾ ಮೇಲೆ ಹೋಗುವ ಬಸ್ಸಿಗೆ ಕಾಯಬೇಕು. ಬಿಸಿಲಿಗೆ ಮಗು ಕೆಂಪಾಗಿತ್ತು. ನಿಲ್ದಾಣದ ಎದುರಿನ ಒಂದು ಸೀಡಿ ಅಂಗಡಿಯ ತಗಡಿನ ನೆರಳಿಗೆ ನಿಂತೆ. ಒಳಗೆ ಕಾಲೇಜಿನ ಹುಡುಗರು ಕಂಪ್ಯೂಟರ್ ಸುತ್ತ ಮುಗಿಬಿದ್ದಿದ್ದರು. "ಸ್ಟೆಡಿ, ಸ್ಟೆಡಿ" ಎಂದು ಯಾರೋ ಹೆಂಗಸು ಅನ್ನುವುದು ಕೇಳಿಸಿತು. ಎಷ್ಟು ತಿದ್ದಿದ ಇಂಗ್ಲಿಷು, ಯಾವ ಊರಿನವಳೋ ಅಂದುಕೊಂಡೆ. ಆಮೇಲೆ ಬಂಡೆಗೆ ಹರಿಗೋಲು ಬಡಿಯಿತು, ಹುಡುಗರೆಲ್ಲ ಒಂದೇ ದನಿಯಲ್ಲಿ ಕಿರುಚಿದರು: "ಹಾಲು ಉಕ್ಕಾಕತ್ತಾವ ನೋಡ!"

"ಯಾವ ಮುದುಕಿಲೇ ಇಕಿ, ನಡು ಹೊಳ್ಯಾಗ ಹಾಲು ಕಾಸಾಕತ್ತಾಳ!"

"ನಿಮ್ಮ ಅತ್ತಿಲೇ!"

ಮಗುವನ್ನು ಎದೆಗೆ ಅವುಚಿಕೊಂಡು ಇಣುಕಿದೆ. ನಾಲ್ಕನೆಯ ತಿರುವು ದಾಟಿದ ಹರಿಗೋಲು ಬೂದುಬಣ್ಣದ ಬಯಲಿನಲ್ಲಿ ನಿಂತಿತ್ತು. ನೀರಿಲ್ಲ, ದಡ ಇಲ್ಲ.

"ಇಷ್ಟಲೇ. ಮುಂದ ಏನಿಲ್ಲ. ಮಾಡಿದಾಂವ ಅರ್ಧಕ್ಕ ಬಿಟ್ಟು ಓಡಿಹೋಗ್ಯಾನ."

"ಮೂವತ್ತ್ ರೂಪಾಯಿಗೆ ನಿನಗ ಹೊಳಿ ದಾಟಸ್ತಾರೇನ್ಲೇ? ಬಿಡು, ಬ್ಯಾರೆ ಹಚ್ಚು."

ನನ್ನ ಬಸ್ ಬಂತು. ಹತ್ತಿದೆ. ಇದನ್ನು ಅವನಿಗೆ ಹೇಳುವುದು ಹೇಗೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡೆ, ಒಂದೂ ಕೂಡಲಿಲ್ಲ.

ಕಂಡದ್ದನ್ನು ಕಂಡ ಹಾಗೆ ತಮ್ಮನಿಗೆ ಹೇಳಿ, ಸಂಜೆ ಅವನ ಜೊತೆ ನಾನೂ ಬಸ್ ನಿಲ್ದಾಣದ ಹಿಂದಿನ ಸೀಡಿ ಅಂಗಡಿಗೆ ಹೋದೆ. ಅಂಗಡಿಯವನು ಕುರ್ಚಿ ಒರೆಸಿ ಕೊಟ್ಟ, ಛಾ ತರಿಸಿದ. ಮುಖದಲ್ಲಿ ಒಂದಿಷ್ಟೂ ಅಳುಕಿಲ್ಲ. "ಮಾದರಿ ಕೊಟ್ಟಿದ್ರಲ್ರೀ ತಂಗಿ. ಹುಬ್ಬಳ್ಳಿಯಿಂದ ಸೀಡಿ ತರಾಂವಗ ತೋರಿಸಿದೆ. ಛಲೋ ಐತಿ ಅಂದ, ಒಂದ್ ಕಾಪಿ ಹೊಡಕೊಂಡ. ನಾನೂ ನಮ್ಮೂರ ಹುಡುಗ ಮಾಡ್ಯಾನ ಅಂತ ಹೆಮ್ಮಿಲೇ ಕೊಟ್ಟೆ. ನೂರು ಆಟದಾಗ ನಿಮ್ಮದೂ ಒಂದು ಬಂತು ನೋಡ್ರಿ, ಸಣ್ಣದಂತ ದನೀನೂ ಕಿತ್ತಿಲ್ಲ! ಖುಷಿ ಪಡೂದು ಬಿಟ್ಟು ಮಾರಿ ಸಣ್ಣದ್ ಮಾಡ್ಕೊಂಡು ಕುಂತಾರಲ್ಲ ತಮ್ಮಾರು."

ತಮ್ಮ ಛಾ ಕುಡಿದ. ಲೋಟವನ್ನು ಮೆಲ್ಲಗೆ ಕೆಳಗಿಟ್ಟು, "ಇನ್ನೂ ಮುಗಿದಿಲ್ರೀ ಅದು" ಅಂದ.

"ಹೌದಾ? ಮುಗೀಲಿ ಬಿಡ್ರಿ. ಮುಗಿದ್ ಮ್ಯಾಲ ಉಳಿದದ್ದೂ ಕೊಡ್ರಿ, ಕೂಡಿಸ್ತಾನಾಂವ."

ಮನೆಯಲ್ಲಿ ಅಪ್ಪಾಜಿಗೆ ಇದು ಅರ್ಥವಾಗಲೇ ಇಲ್ಲ. "ಹಿಡಿ ಭತ್ತಾ ಒಯ್ದಾಂವ ಅದರಾಗ ಗಿರಣಿ ತುಂಬಿಸಿದ್ದು ನಾ ಎಲ್ಲೂ ಕೇಳಿಲ್ಲ," ಅಂದರು. ತಮ್ಮ ಕೋಣೆಗೆ ಹೋಗಿ ಐದನೆಯ ತಿರುವಿನ ಕೆಲಸಕ್ಕೆ ಕೂತ.

ಅವನು ಮುಗಿಸಿದ. ಹತ್ತು ತಿರುವು, ದನಿ, ನೀರಿನ ಸದ್ದು, ಎಲ್ಲ. ಅವ್ವನ ಹಾಲಿನ ಕೂಗನ್ನೂ ಅಳಿಸಿದ. ಸಾಣಾಪುರದ ಹೊಳೆಯ ಚಿತ್ರ ಇರುವ ಬಣ್ಣದ ಹೊದಿಕೆ ಮುದ್ರಿಸಿದ, ಪ್ರತಿ ಡಬ್ಬಿಯ ಅಂಚನ್ನೂ ಬಟ್ಟೆಯಿಂದ ಒರೆಸಿ ಚೀಲದಲ್ಲಿ ಇಟ್ಟುಕೊಂಡ. ಅಪ್ಪಾಜಿ ಕೊಟ್ಟ ಎರಡು ವರ್ಷ ಮುಗಿಯುತ್ತ ಬಂದಿತ್ತು. ಗಂಗಾವತಿಯಲ್ಲಿ ಯಾರೂ ತೆಗೆದುಕೊಳ್ಳಲಿಲ್ಲ. ಕೊಪ್ಪಳದಲ್ಲೂ ಇಲ್ಲ. ಇದು ನಮ್ಮಲ್ಲಿ ಆಗಲೇ ಐತ್ರಿ ಅನ್ನುತ್ತಿದ್ದರು. ಅದು ಅರ್ಧ, ಇದು ಪೂರ್ತಿ ಎಂದು ಇವನು ಹೇಳಿದರೆ, "ಅದು ನಡುವ ನಿಂದರ್ತೈತಿ ಅಂತ ಎಲ್ಲಾರಿಗೂ ಗೊತ್ತೈತಿ, ಮತ್ತ ಯಾರ್ ಮುಟ್ತಾರ?" ಕುಷ್ಟಗಿಯಲ್ಲಂತೂ ಹೊದಿಕೆ ನೋಡಿದೊಡನೆ, "ಹಾಲಿನ ಮುದುಕಿ ಆಟಲಾ ಇದು?" ಎಂದು ನಕ್ಕರಂತೆ.

ಕೊನೆಗೆ ಯಲಬುರ್ಗಾಕ್ಕೆ, ನಮ್ಮ ಮನೆಗೆ ಬಂದ. ಚೀಲದ ಭಾರಕ್ಕೆ ಹೆಗಲಿನ ಮೇಲೆ ಅಂಗಿ ಮುದುಡಿತ್ತು. ನಾನು ಊಟಕ್ಕೆ ಬಡಿಸಿದೆ, ಅನ್ನ ಕಲೆಸಿ ಹಾಗೇ ಬಿಟ್ಟ. ನಮ್ಮೂರಿನಲ್ಲಿ ಆಗ ಇದ್ದದ್ದು ಒಂದೇ ಸೀಡಿ ಅಂಗಡಿ. ಮಗುವನ್ನು ಎತ್ತಿಕೊಂಡು ನಾನೂ ಜೊತೆಗೆ ಹೋದೆ.

ಈ ಅಂಗಡಿಯವನು ನಿಧಾನದ ಮನುಷ್ಯ. ಆಟ ಹಚ್ಚಿ, ಒಂದು ತಿರುವು, ಎರಡು ತಿರುವು ತಾನೇ ಆಡಿದ. ಆಡು ಸರಿದು ಹರಿಗೋಲು ತಿರುಗಿದಾಗ ಬಾಯಿಬಿಟ್ಟು ನಕ್ಕ. ನಾಲ್ಕನೆಯದು ದಾಟಿದ. ಮುಂದೆ ನೀರು ಇತ್ತು, ಹಸಿರು ದಡ ಇತ್ತು, ನನ್ನ ದನಿ ವೆಲ್ ಡನ್ ಅಂದಿತು. "ಭಾಳ ಛಲೋ ಮಾಡೀರಿ. ಪೂರ್ತಿ ಐತಿ," ಅಂದ. ತಮ್ಮ ಚೀಲದ ಗುಂಡಿ ಬಿಚ್ಚಿದ.

"ಎಷ್ಟ್ ಕೊಡ್ಲಿ?" ತಮ್ಮ ಕೇಳಿದ.

"ಒಂದ್ ಸಾಕ್ರಿ." ಅಂಗಡಿಯವನು ಗಲ್ಲೆಯಿಂದ ನೂರರ ನೋಟು ತೆಗೆದು, ಮೇಲೊಂದು ರೂಪಾಯಿ ಹುಡುಕಿ ಇಟ್ಟ. ಒಂದು ರೂಪಾಯಿಯೂ ಚೌಕಾಸಿ ಮಾಡಲಿಲ್ಲ. "ಉಳಿದದ್ದು ನಾ ಕಾಪಿ ಹೊಡಕೊಂತೀನಿ. ನೀವ್ಯಾಕ ಅಷ್ಟ್ ಹೊತ್ಕೊಂಡ್ ತಿರುಗ್ತೀರಿ?"

ಅವನ ದನಿಯಲ್ಲಿ ಕುಹಕವಿರಲಿಲ್ಲ. ಭಾರ ಹೊತ್ತು ಬಂದ ಹುಡುಗನ ಮೇಲೆ ಕನಿಕರ ಇತ್ತು. ನನಗೆ ಬಾಯಿಗೆ ಏನೋ ಬಂತು. ತಮ್ಮ ನನ್ನ ಕಡೆ ನೋಡಿ ಬೇಡ ಎಂಬಂತೆ ತಲೆ ಆಡಿಸಿ, ಹಣ ತೆಗೆದುಕೊಂಡು, ನಮಸ್ಕಾರ ಹೇಳಿ ಹೊರಗೆ ಬಂದ.

ಬಸ್ ನಿಲ್ದಾಣದ ಕಟ್ಟೆಯ ಮೇಲೆ ಕೂತಾಗ ನಾನೇ ಸಿಟ್ಟಿಗೆದ್ದೆ. "ಬಾಯಿ ಸತ್ತಿತ್ತೇನೋ ನಿಂದು? ಕಳ್ಳತನ ಅಲ್ಲೇನು ಇದು?"

"ಯಾರಿಗ್ ಬೈಲಿ ಅಕ್ಕಾ? ನಾ ಎಲ್ಲಿ ಕಲ್ತೆ? ಇದ ಮೂವತ್ತ್ ರೂಪಾಯಿ ಸೀಡಿಯಾಗ. ಹೊಳಿ ಬರದದ್ದು ಕದ್ದ ಸಾಫ್ಟ್‌ವೇರಿನ್ಯಾಗ. ಅಸಲಿ ಡಬ್ಬಿ ನಾ ಇವತ್ತಿನ ತನಕ ಮುಟ್ಟಿಲ್ಲ. ಅದನ್ನ ಮಾಡಿದವರಿಗೂ ಹಿಂಗ ಆಗಿರಬೇಕಲ್ಲ, ಆ ದಂಡನಾಯಕನ ದನಿ ಕಿತ್ತು ಒಗದಾಗ."

ಸಿಸ್ಟರ್‌ಗಳ ಶಾಲೆಯಲ್ಲಿ ತಪ್ಪು ಯಾವುದು, ಸರಿ ಯಾವುದು ಎಂದು ಬೇರೆ ಬೇರೆ ಅಂಕಣದಲ್ಲಿ ಬರೆಸುತ್ತಿದ್ದರು. ಅವನ ದುಃಖವನ್ನು ಯಾವ ಅಂಕಣದಲ್ಲಿ ಇಡಲಿ? ಸಿಟ್ಟು ಮಾಡಿಕೊಳ್ಳಲೂ ಅವನಿಗೆ ಅಧಿಕಾರ ಉಳಿದಿರಲಿಲ್ಲ. ಮಗು ಅವನ ಅಂಗಿಯ ಗುಂಡಿ ಹಿಡಿದು ಎಳೆಯುತ್ತಿತ್ತು, ಅವನು ಎಳೆಯಲು ಬಿಟ್ಟಿದ್ದ. ಬಸ್ ಬಂದಾಗ ಚೀಲ ಎತ್ತಿಕೊಂಡು ಹತ್ತಿದ. ಕಿಟಕಿಯಿಂದ ಕೈ ಮಾಡುತ್ತಾನೆಂದು ನಿಂತೆ. ಅವನು ಆಚೆ ಬದಿಗೆ ಕೂತಿದ್ದ.

ಮರುವಾರ ತಮ್ಮ ಅಂಗಡಿಯಲ್ಲಿ ಅಪ್ಪಾಜಿಯ ಗದ್ದುಗೆಯ ಪಕ್ಕದಲ್ಲಿ ಮೂಗಿಗೆ ವಸ್ತ್ರ ಕಟ್ಟಿಕೊಂಡು ಕೂತನಂತೆ. ಯಾರೂ ಕರೆದಿರಲಿಲ್ಲ, ಎರಡು ವರ್ಷದ ಮಾತನ್ನೂ ಯಾರೂ ನೆನಪಿಸಿರಲಿಲ್ಲ. ಕಂಪ್ಯೂಟರನ್ನು ಕೊಪ್ಪಳದ ಒಬ್ಬ ಮುದ್ರಣದವನು ಒಯ್ದ. ಕೊಡುವ ಮೊದಲು ತಮ್ಮ ಅದರಲ್ಲಿದ್ದದ್ದೆಲ್ಲ ಅಳಿಸಿದನಂತೆ. ಡಬ್ಬಿಗಳನ್ನು ಗುಜರಿಯವನು ತೂಕಕ್ಕೆ ಹಾಕಿಕೊಂಡ.

ಈಗ ಅವನ ಎದೆಗೆ ಎರಡು ಹೊತ್ತು ಸೇದುವ ಔಷಧಿ ಬೇಕು. ಭತ್ತವನ್ನು ಅಂಗೈಯಲ್ಲಿ ಉಜ್ಜಿ, ಉಸಿರು ಹಿಡಿದು ಹೊಟ್ಟು ಊದಿ, ಎಷ್ಟು ನುಚ್ಚು ಬೀಳುತ್ತದೆಂದು ಹೇಳಿಬಿಡುತ್ತಾನೆ. ಕಳೆದ ಸುಗ್ಗಿಯಲ್ಲಿ ಹೋದಾಗ ಅವ್ವ ಒಳಗಿನಿಂದಲೇ ಅಂಗಡಿಯ ಕಡೆ ಕಣ್ಣು ಮಾಡಿ, "ಅಪ್ಪನಕಿಂತ ಛಲೋ ದಲಾಲಿ ಆಗ್ಯಾನ ನೋಡವಾ ನಿಮ್ಮ ತಮ್ಮ" ಅಂದಳು. ಹೊರಗೆ ಅವನು ಕೆಮ್ಮುವುದು ಕೇಳಿಸುತ್ತಿತ್ತು. ಕೆಮ್ಮು ನಿಲ್ಲುವ ತನಕ ಕಾದು, ಹೌದವ್ವ ಅಂದೆ.