ಹುಲ್ಲಿನ ಯಂತ್ರಕ್ಕೆ ಎಳೆದ ತಂತಿ

ಗೆಳೆಯರೇ, ತಾನೇ ಓಡಾಡಿ ಹುಲ್ಲು ಕತ್ತರಿಸುವ ಯಂತ್ರವೊಂದನ್ನು ಭಾವ ಜರ್ಮನಿಯಿಂದ ಶೇಗಾಂವದ ನಮ್ಮ ಅಂಗಳಕ್ಕೆ ತಂದುಕೊಟ್ಟಿದ್ದಾರೆ. ಅದು ಆಚೆ ಹೋಗದಂತೆ ಸುತ್ತಲೂ ತಂತಿ ಹಾಕಬೇಕು. ಇವತ್ತು ಗೂಟ ಬಡಿಯುತ್ತಿದ್ದಾಗ ಪಕ್ಕದ ಮನೆಯ ದಸ್ತಗೀರ್ ಚಾಚಾ ಓಡಿ ಬಂದರು.

"ಜಾಗಾ ಮೋಜಣಿ ಮಾಡಸದ ಗಡಿ ಹಾಕಾಕತ್ತೀರೇನ್ರಿ?"

"ಗಡಿ ಅಲ್ರಿ ಚಾಚಾ, ಮಷೀನ್ ದಾಟಬಾರದಂತ ಹಾಕೂ ತಂತಿ."

"ದಾಟಬಾರದು ಅಂದ್ರ ಅದ ಗಡಿ ಅಲ್ಲೇನ್ರಿ?"

ತಂತಿಯನ್ನು ಒಂದು ಮೊಳ ಒಳಗೆ ಸರಿಸಿದೆ. ಅವ್ವ ಹೊರಗೆ ಬಂದಳು.

"ನಿಮ್ಮಪ್ಪನ ಜಾಗಾ ಮಂದಿಗಿ ಬಿಟ್ಟುಕೊಟ್ಟಿ ಏನೋ?"

ಮತ್ತೆ ಹೊರಗೆ ಸರಿಸಿದೆ. ಊರಿನ ಜಮೀನು ದಾಖಲೆ ನೋಡುವ ತಲಾಠಿಯನ್ನೇ ಕರೆತರುತ್ತೇನೆಂದು ಚಾಚಾ ಚಪ್ಪಲಿ ಮೆಟ್ಟಿದರು. ನನಗೆ ಸಾಕಾಯಿತು. ತಂತಿ ಕಿತ್ತು ಸುತ್ತಿಟ್ಟು, ಬಿಸಿಲಲ್ಲಿ ಕೂತು ಕುಡುಗೋಲಿನಿಂದಲೇ ಹುಲ್ಲು ಕೊಯ್ದೆ. ಕೊಯ್ದದ್ದನ್ನೆಲ್ಲ ಚಾಚಾ ತಮ್ಮ ಎಮ್ಮೆಗೆಂದು ಹೊತ್ತೊಯ್ದರು. ಆ ಹುಲ್ಲು ಯಾರ ಜಾಗದಲ್ಲಿ ಬೆಳೆದದ್ದೆಂದು ಮಾತ್ರ ಅವರು ಕೇಳಲಿಲ್ಲ.